ಹೇಮಾವತಿ ನೆರೆ: ರಾಡಾರ್ ಚಿತ್ರದಿಂದ ನಕ್ಷೆ

ಸಕಲೇಶಪುರದಲ್ಲಿ ಹೇಮಾವತಿಯ ನೆರೆಯನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸಲು ಮೋಡ ಸರಿಯಲೆಂದು ಕಾದರೆ ಅಷ್ಟರಲ್ಲಿ ನೆರೆಯೇ ಇಳಿದಿರುತ್ತದೆ. ಮೋಡದಾಚೆಗೂ ನೋಡಬಲ್ಲ ಯುರೋಪಿನ ರಾಡಾರ್ ಉಪಗ್ರಹ ಸೆಂಟಿನೆಲ್-1ರ ಚಿತ್ರ ಉಚಿತ. ಮೇ ತಿಂಗಳದ್ದೊಂದು, ನೆರೆಯ ಹೊತ್ತಿನದೊಂದು ಇಳಿಸಿಕೊಳ್ಳಿ. ಎರಡೂ ಒಂದೇ ಕಕ್ಷೆಯವಾಗಿರಲಿ, ಇಲ್ಲದಿದ್ದರೆ ಗುಡ್ಡದ ನೆರಳು ಜಾಗ ಬದಲಿಸಿ ಲೆಕ್ಕ ಕೆಡುತ್ತದೆ.

ರಾಡಾರ್ ಚಿತ್ರ ಸಂಸ್ಕರಿಸುವ ಸ್ನ್ಯಾಪ್ ತಂತ್ರಾಂಶದಲ್ಲಿ ಕ್ಯಾಲಿಬ್ರೇಷನ್ (ಮರಳಿದ ಅಲೆಯ ಬಲದ ಅಳತೆ), ಸ್ಪೆಕಲ್ ಫಿಲ್ಟರ್ (ಕಾಳುಕಾಳು ಚುಕ್ಕೆ ತೆಗೆಯುವುದು), ಟೆರೇನ್ ಕರೆಕ್ಷನ್ (ಗುಡ್ಡಗಳಿಂದಾದ ಓರೆ ಸರಿಪಡಿಸುವುದು) ಮುಗಿಸಿ, ಬಲದ ಅಳತೆಯನ್ನು ಡೆಸಿಬೆಲ್‌ಗೆ ಬದಲಿಸಿ ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ಗೆ ತನ್ನಿ. ವಿವಿ ಬ್ಯಾಂಡಿನಲ್ಲಿ (ಲಂಬವಾಗಿ ಕಳಿಸಿ ಲಂಬವಾಗಿಯೇ ಪಡೆದ ಅಲೆಯ ಚಿತ್ರ) ನೀರು ಕಪ್ಪು. ಒಂದು ಮಿತಿಗಿಂತ ಕೆಳಗಿನದೆಲ್ಲ ನೀರು ಎಂದುಕೊಳ್ಳಿ. ಆ ಮಿತಿಯನ್ನು −16 ಡೆಸಿಬೆಲ್‌ನಿಂದ ಶುರುಮಾಡಿ, ಗೊರೂರು ಜಲಾಶಯದ ಅಂಚು ಸರಿಯಾಗಿ ಕೂರುವವರೆಗೆ ಹೊಂದಿಸಿ. ಸದಾ ಇರುವ ನೀರು ನೆರೆಯಲ್ಲ, ಹಾಗಾಗಿ ಮೇ ಚಿತ್ರದ ನೀರನ್ನು ಕಳೆಯಿರಿ. ಆದರೆ ಬೇಸಿಗೆಯಲ್ಲಿ ಜಲಾಶಯ ಇಳಿದಿರುತ್ತದೆ. ಅದರ ತುಂಬಿದ ಅಂಚನ್ನು ಕೈಯಲ್ಲೇ ಗೀಚಿ ತೆಗೆಯದಿದ್ದರೆ ಹಿನ್ನೀರೆಲ್ಲ ನೆರೆಯಾದೀತು. ಗುಡ್ಡದ ನೆರಳೂ ನೀರಿನಂತೆ ಕಪ್ಪು, ಹಾಗಾಗಿ 5 ಡಿಗ್ರಿಗಿಂತ ಕಡಿದಾದ ಇಳಿಜಾರನ್ನೂ ಅಳಿಸಿ.

ನಾಟಿಗೆ ನೀರು ಕಟ್ಟಿದ ಗದ್ದೆಯೂ ಕಪ್ಪಗೇ ಕಾಣುತ್ತದೆ, ಬೇರೆ ಬಣ್ಣ ಕೊಡಿ. ಕಾಫಿತೋಟದ ಮರದಡಿ ನಿಂತ ನೀರು ಮಾತ್ರ ಕಾಣುವುದೇ ಇಲ್ಲ. ಅಲ್ಲಿ ಗೋಡೆಯ ಮೇಲಿನ ಕೆಸರುಗೆರೆಯನ್ನೇ ಅಳೆಯಬೇಕು.