ಬೇರೆಯಾದ ಮೇಲೆ ಮಕ್ಕಳ ಮಾತು: ಆಸ್ಟ್ರೇಲಿಯಾಕ್ಕೆ ಬಂದ ತುಮಕೂರಿನವರಿಗೆ

ಗಂಡ ಹೆಂಡತಿಗೆ ಹೊಂದಲಿಲ್ಲ ಅಂದರೆ ನಮ್ಮ ತುಮಕೂರಿನ ಕಡೆ ಮೊದಲು ದೊಡ್ಡವರು ಸೇರುತ್ತಾರೆ. ಸೋದರಮಾವ, ದೊಡ್ಡಪ್ಪ, ಊರಿನ ಯಜಮಾನರು. ತಪ್ಪು ಯಾರದ್ದು ಅಂತ ಪಂಚಾಯ್ತಿ ನಡೆಯುತ್ತದೆ. ಮೆಲ್ಬರ್ನ್‌ನಲ್ಲಿ ಮೀಡಿಯೇಷನ್ನಿಗೆ, ಅಂದರೆ ಮೂರನೆಯವರೊಬ್ಬರು (ಮೀಡಿಯೇಟರ್) ಇಬ್ಬರನ್ನೂ ಕೂರಿಸಿ ಒಪ್ಪಂದಕ್ಕೆ ಬರಲು ಮಾತಾಡಿಸುವಲ್ಲಿಗೆ, ಹೋದಾಗ ನಾನೂ ಅದನ್ನೇ ಅಂದುಕೊಂಡಿದ್ದೆ. ಗಂಡನ ತಪ್ಪುಗಳನ್ನೆಲ್ಲ ಬರೆದುಕೊಂಡು ಹೋಗಿದ್ದೆ. ಮೀಡಿಯೇಟರ್ ಕೇಳಿದ್ದು ಒಂದೇ: "ಸೋಮವಾರ ಮಗಳನ್ನು ಸ್ಕೂಲಿನಿಂದ ಯಾರು ಕರೆದುಕೊಂಡು ಬರುತ್ತೀರಿ?"

ಇಲ್ಲಿ ಯಾರೂ ತೀರ್ಪು ಕೊಡುವುದಿಲ್ಲ. ಅದಕ್ಕೇ ತಯಾರಾಗಿ ಹೋಗಿ.

ಇಲ್ಲಿನ 1975ರ ಕೌಟುಂಬಿಕ ಕಾನೂನಿನ ಪ್ರಕಾರ, ಮಕ್ಕಳ ವಿಷಯಕ್ಕೆ ಕೋರ್ಟಿಗೆ ಹೋಗುವ ಮುಂಚೆ ಸಾಮಾನ್ಯವಾಗಿ ಹೀಗೆ ಕೂತು ಮಾತಾಡಲು ಪ್ರಯತ್ನ ಮಾಡಿರಬೇಕು. ಒಪ್ಪಂದ ಆಗದಿದ್ದರೆ '60ಐ ಸರ್ಟಿಫಿಕೇಟ್' ಕೊಡುತ್ತಾರೆ. ಕೋರ್ಟಿಗೆ ಹೋಗುವಾಗ ಅದನ್ನು ತೋರಿಸಬೇಕು. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಈ ನಿಯಮಕ್ಕೆ ವಿನಾಯಿತಿ ಇದೆ. ಅಂಥವರು ಊರಿನವರ ಮಾತಿಗೆ ಕಟ್ಟುಬಿದ್ದು ಎದುರು ಕೂರಬೇಡಿ. ಮನೆಯಲ್ಲಿ ಹಿಂಸೆ ಅನುಭವಿಸುವವರಿಗೆ ನೆರವಾಗುವ 1800 737 732ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲೂ ಸಿಗುತ್ತಾರೆ.

ಉಳಿದವರು 1800 050 321ಕ್ಕೆ ಮಾಡಿದರೆ ಹತ್ತಿರದ ಮೀಡಿಯೇಷನ್ ಕೇಂದ್ರ ಯಾವುದೆಂದು ಹೇಳುತ್ತಾರೆ. ಇಂಗ್ಲಿಷ್ ಕಷ್ಟವಾದರೆ ಕನ್ನಡದ ದುಭಾಷಿ ಬೇಕು ಅಂತ ಮೊದಲೇ ಕೇಳಿ. ನೆಂಟರನ್ನು ಮಾತ್ರ ದುಭಾಷಿ ಮಾಡಿಕೊಳ್ಳಬೇಡಿ. ಅವರು ಪಂಚಾಯ್ತಿಯನ್ನೂ ಜೊತೆಗೆ ತರುತ್ತಾರೆ.

ವಾರದ ದಿನಗಳನ್ನು ಹಂಚಿಕೊಳ್ಳುವುದು ಬೇಗ ಮುಗಿಯುತ್ತದೆ. ಜಗಳ ಬರುವುದು ಊರಿನ ವಿಷಯಕ್ಕೆ. ಇಲ್ಲಿ ಬೇಸಿಗೆ ರಜೆ ಡಿಸೆಂಬರ್‌ನಿಂದ ಜನವರಿ ಕೊನೆಯವರೆಗೆ. ಹಾಗಾಗಿ ಸಂಕ್ರಾಂತಿಗೆ ಮಗು ಯಾರ ಜೊತೆ ಊರಿಗೆ ಹೋಗಬೇಕು ಅಂತ ಇಬ್ಬರಿಗೂ ಹಟ. ನಾವು ಒಂದು ವರ್ಷ ನಾನು, ಒಂದು ವರ್ಷ ಅವರು ಅಂತ ಬರೆದುಕೊಂಡೆವು. ಹೋಗುವ ದಿನ, ವಾಪಸ್ ಟಿಕೆಟ್, ಪಾಸ್‌ಪೋರ್ಟ್ ಯಾರ ಹತ್ತಿರ ಇರಬೇಕು ಅನ್ನುವುದನ್ನೂ ಸೇರಿಸಿದೆವು. ಇದು ಅಪನಂಬಿಕೆ ಅಲ್ಲ. ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ದ ಮಕ್ಕಳನ್ನು ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದದಲ್ಲಿ ಭಾರತ ಇಲ್ಲ. ಹಾಗಾಗಿ ಒಬ್ಬರು ಹೇಳದೆ ಕೇಳದೆ ಮಗುವನ್ನು ಊರಿಗೆ ಕರೆದುಕೊಂಡು ಹೋದರೆ, ಇನ್ನೊಬ್ಬರ ಪಾಡು ಬಹಳ ಕಷ್ಟ.

ಅಜ್ಜಿ ತಾತಂದಿರನ್ನೂ ಬರೆಯಿರಿ. ಅವರು ಮೀಡಿಯೇಷನ್ ಕೋಣೆಯಲ್ಲಿ ಇರಬೇಕಾಗಿಲ್ಲ, ಮಗುವಿನ ವಾರದಲ್ಲಿ ಇರಬೇಕು. ಚಳಿಗಾಲದಲ್ಲಿ ಇಲ್ಲಿ ಸಂಜೆ ಏಳು ಅಂದರೆ ತುಮಕೂರಿನಲ್ಲಿ ಮಧ್ಯಾಹ್ನ ಎರಡೂವರೆ. ನಮ್ಮ ಅತ್ತೆಗೆ ಆಗ ಊಟ ಮುಗಿದಿರುತ್ತದೆ. ಬುಧವಾರದ ವಿಡಿಯೊ ಕಾಲ್ ಅವರದ್ದೇ. ಮಗಳು ನನ್ನ ಜೊತೆ ಇರುವ ವಾರವೂ ಅದು ತಪ್ಪುವುದಿಲ್ಲ.

ಒಪ್ಪಿದ್ದಕ್ಕೆ ತಾರೀಖು ಹಾಕಿ ಇಬ್ಬರೂ ಸಹಿ ಮಾಡಿದರೆ ಅದು ಪೇರೆಂಟಿಂಗ್ ಪ್ಲಾನ್. ಮುರಿದರೆ ಕೋರ್ಟು ಅದನ್ನು ನೇರವಾಗಿ ಜಾರಿ ಮಾಡಿಸುವುದಿಲ್ಲ. ಆ ಬಲ ಬೇಕಿದ್ದರೆ ಅದನ್ನೇ ಕೋರ್ಟಿಗೆ ಕೊಟ್ಟು 'ಕನ್ಸೆಂಟ್ ಆರ್ಡರ್', ಅಂದರೆ ಇಬ್ಬರ ಒಪ್ಪಿಗೆಯ ಮೇಲೆ ಕೋರ್ಟು ಕೊಡುವ ಆದೇಶ, ಮಾಡಿಸಿಕೊಳ್ಳಿ. ಊರಿನ ಪ್ರಯಾಣದ ವಿಷಯ ಇರುವವರು ಮಾಡಿಸಿಕೊಳ್ಳುವುದೇ ಒಳ್ಳೆಯದು.