ಹಾಳೆ ತಟ್ಟೆಯ ಅಚ್ಚಿನಲ್ಲಿ ಒತ್ತಿದ ಕಾಯಿಲ್ ಕವಚ

ಕಳೆದ ಎರಡು ಹಂಗಾಮುಗಳಲ್ಲಿ, ಎಂದರೆ ಮಳೆ ಹಿಂದೆ ಸರಿದ ಅಕ್ಟೋಬರಿನಿಂದ ಮೇ ಕೊನೆಯವರೆಗೆ, ವಾರಕ್ಕೆ ಎರಡು ಮೂರು ದಿನ ಮಲ್ಪೆ, ಕಾಪು, ಪಡುಬಿದ್ರಿ ಮತ್ತು ಪಣಂಬೂರಿನ ತೀರಗಳಲ್ಲಿ ನನ್ನ ಮೆಟಲ್ ಡಿಟೆಕ್ಟರಿನ (ಮರಳಡಿಯ ಲೋಹ ಹುಡುಕುವ ಯಂತ್ರದ) ಕಾಯಿಲ್, ಎಂದರೆ ಕೋಲಿನ ತುದಿಯ ತಟ್ಟೆಯಾಕಾರದ ಭಾಗ, ಮರಳಿಗೆ ಉಜ್ಜಿಕೊಂಡೇ ಓಡಾಡಿದೆ. ಆದರೂ ಅದರ ತಳದಲ್ಲಿ ಅಚ್ಚಾಗಿ ಬಂದಿರುವ ಅಕ್ಷರಗಳನ್ನು ಇಂದಿಗೂ ಬೆರಳಿನಿಂದ ಮುಟ್ಟಿ ಓದಬಹುದು. ಮೀನಿನ ಡ್ರಮ್ಮಿನ ಪ್ಲಾಸ್ಟಿಕ್ಕಿನಿಂದ ಕಾಯಿಲಿನ ತಳ ಸವೆಯದಂತೆ ಕವಚ ಮಾಡುತ್ತೇನೆ ಎಂದಾಗ ನನ್ನ ಜೊತೆಗಾರರಲ್ಲಿ ಯಾರೂ ನಂಬಲಿಲ್ಲವಾದ್ದರಿಂದ, ಮಾಡಿದ ಬಗೆಯನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನ ಮೊದಲ ಕಾಯಿಲ್ ಕವಚವಿಲ್ಲದೆಯೇ ಸತ್ತಿತು. ಉಂಗುರ ಕಳೆದುಕೊಂಡವರು ಕರೆದಾಗ ಆಳ ಬಿಟ್ಟುಕೊಡಬಾರದೆಂದು ನಾನು ಕಾಯಿಲನ್ನು ಒದ್ದೆ ಮರಳಿಗೆ ತಾಗಿಸಿಯೇ ಬೀಸುವವನು. ಹನ್ನೊಂದು ಇಂಚಿನ ಆ ಕಾಯಿಲಿನ ಮುಂಭಾಗದ ಅಂಚು ಒಂದೂವರೆ ವರ್ಷದಲ್ಲಿ ಸವೆದು ಒಳಗೆ ತುಂಬಿದ ಎಪಾಕ್ಸಿ ಅಂಟು ಕಾಣತೊಡಗಿತು. ಕೂದಲೆಳೆಯಷ್ಟು ಬಿರುಕಿನಲ್ಲಿ ಉಪ್ಪುನೀರು ಇಳಿದ ಮೇಲೆ ಯಂತ್ರ ಏನೂ ಇಲ್ಲದ ಕಡೆಯಲ್ಲೂ ಕೂಗತೊಡಗಿತು. ಹೊಸ ಕಾಯಿಲಿಗೆ ಸಾಗಣೆ, ಸುಂಕ ಎಲ್ಲ ಸೇರಿ ಸುಮಾರು 16,000 ರೂಪಾಯಿ ಹೋಯಿತು. ಅದರದೇ ಕವಚಕ್ಕೆ ಮತ್ತೆ ಮೂರೂವರೆ ಸಾವಿರ ಕೇಳಿದರು, ಅದೂ ಎರಡು ತಿಂಗಳು ಕಾದರೆ ಮಾತ್ರ. ಸತ್ತ ಕಾಯಿಲನ್ನು ಎಸೆಯದೆ ಉಳಿಸಿಕೊಂಡೆ. ಮುಂದಿನ ಪ್ರಯೋಗಗಳಲ್ಲಿ ಕೆಟ್ಟದ್ದೆಲ್ಲ ಅದರ ಮೇಲೆಯೇ ಆಯಿತು.

ಮೊದಲು ಇನ್ಸುಲೇಶನ್ ಟೇಪ್ ಸುತ್ತಿದೆ. ಬಿಸಿಲಿಗೆ ಅದರ ಅಂಟು ಹೊರಗೆ ಬಂದು, ಮರಳು ಅಂಟಿಕೊಂಡು, ಕಾಯಿಲಿನ ತಳ ಉಪ್ಪುಕಾಗದದಂತಾಯಿತು. ಆಮೇಲೆ ಮಲ್ಪೆಯಲ್ಲಿ ಫೈಬರ್ ದೋಣಿ ದುರಸ್ತಿ ಮಾಡುವವರೊಬ್ಬರಿಂದ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು) ಮತ್ತು ಅದನ್ನು ಗಟ್ಟಿಮಾಡುವ ಪಾಲಿಯೆಸ್ಟರ್ ರೆಸಿನ್ ತಂದೆ. ದೋಣಿಗೆ ಹಿಡಿಸುವ ಆ ರೆಸಿನ್ ಕಾಯಿಲಿನ ಎಬಿಎಸ್ ಪ್ಲಾಸ್ಟಿಕ್ಕಿನ ಚಿಪ್ಪಿಗೆ ವಿಷ. ಅದರಲ್ಲಿರುವ ಸ್ಟೈರೀನ್ ಎಬಿಎಸ್ಸನ್ನು ಕರಗಿಸುತ್ತದೆ. ಮರುದಿನ ನೋಡುವಾಗ ಸತ್ತ ಕಾಯಿಲಿನ ಮೈ ಉಗುರು ಇಳಿಯುವಷ್ಟು ಮೆತ್ತಗಾಗಿತ್ತು. ಎಪಾಕ್ಸಿಯಿಂದ ಅಂತಹ ತೊಂದರೆಯಿಲ್ಲ, ಅದು ಚೆನ್ನಾಗಿಯೇ ಹಿಡಿಯಿತು. ಆದರೆ ಗಾಜುನಾರಿನ ಬಟ್ಟೆಯೂ ಸೇರಿ ಇನ್ನೂರು ಗ್ರಾಮಿನಷ್ಟು ಭಾರ ತೋಳಿನ ತುದಿಗೆ ಬಿದ್ದುದರಿಂದ ಎರಡು ಗಂಟೆ ಬೀಸಿದರೆ ಮೊಣಕೈ ನೋಯುತ್ತಿತ್ತು, ಮತ್ತು ಸವೆದ ಮೇಲೆ ಕಳಚಿ ಬದಲಾಯಿಸುವ ದಾರಿಯೂ ಇರಲಿಲ್ಲ. ಅದೇ ದುರಸ್ತಿಯವರು ಕೊಟ್ಟ ಅಂಗೈಯಗಲದ ಕಾರ್ಬನ್ ಬಟ್ಟೆಯನ್ನು ಹೊಸ ಕಾಯಿಲಿನ ಮುಂದೆ ಹಿಡಿದಾಗ ಯಂತ್ರ ಲೋಹ ಕಂಡಂತೆಯೇ ಕೂಗಿತು. ಕಾರ್ಬನ್ ನಾರು ವಿದ್ಯುತ್ ವಾಹಕವಾದ್ದರಿಂದ ಅದರ ಆಸೆಯನ್ನು ಅಲ್ಲಿಯೇ ಬಿಟ್ಟೆ. ಪೈಂಟ್ ಬಕೆಟ್ಟಿನ ಮುಚ್ಚಳವೊಂದು ತಕ್ಕಮಟ್ಟಿಗೆ ಕೂತಿತ್ತು, ತಿಂಗಳೊಳಗೆ ಒಡೆಯಿತು. ಇಷ್ಟರಲ್ಲಿ ಐದಾರು ಸಾವಿರ ರೂಪಾಯಿ ಕೈಬಿಟ್ಟಿತ್ತು.

ಅಡಿಕೆ ಹಾಳೆಯ ಯೋಚನೆ ಬಂದದ್ದು ಒಂದು ಊಟದ ಮನೆಯಲ್ಲಿ. ಎದುರಿಗಿದ್ದ ಹಾಳೆ ತಟ್ಟೆಯ ಅಗಲ, ಅದರ ಎದ್ದ ಅಂಚು ಎರಡೂ ನನ್ನ ಕಾಯಿಲಿಗೆ ಹೇಳಿ ಮಾಡಿಸಿದಂತಿದ್ದವು. ಹೆಬ್ರಿ ಕಡೆಯಲ್ಲಿ ತಟ್ಟೆ ಮಾಡುವ ಪರಿಚಯದವರಿಂದ ಹನ್ನೆರಡು ಇಂಚಿನ ದಪ್ಪ ತಟ್ಟೆಗಳನ್ನು ತಂದು ಕಟ್ಟಿದೆ. ಒಣಗಿದ್ದಾಗ ಯಂತ್ರಕ್ಕೆ ಅದು ಇದೆಯೆಂದೇ ತಿಳಿಯುವುದಿಲ್ಲ. ಒದ್ದೆಯಾದರೆ ಉಪ್ಪುನೀರು ಕುಡಿದು ಮೆತ್ತಗಾಗುತ್ತದೆ, ಗ್ರೌಂಡ್ ಬ್ಯಾಲೆನ್ಸ್ (ನೆಲದ ಸದ್ದು ಕೇಳದಂತೆ ಯಂತ್ರವನ್ನು ಹೊಂದಿಸುವುದು) ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಹಾಳೆ ಸೋತಿತು, ಅಚ್ಚು ಸೋಲಲಿಲ್ಲ. ಹಾಳೆಯನ್ನು ತಟ್ಟೆಯಾಗಿ ಒತ್ತುವ ಅದೇ ಬಿಸಿ ಅಚ್ಚಿಗೆ ಬೇರೆ ವಸ್ತು ಕೊಟ್ಟರೆ ಹೇಗೆ ಎಂಬ ಪ್ರಶ್ನೆಯಿಂದಲೇ ನನ್ನ ಕೆಲಸ ಸರಿದಾರಿಗೆ ಬಂತು.

ಗುಜರಿಯಲ್ಲಿ 350 ರೂಪಾಯಿಗೆ 200 ಲೀಟರಿನ ಒಂದು ನೀಲಿ ಎಚ್‌ಡಿಪಿಇ (ಗಟ್ಟಿ ಪಾಲಿಥೀನ್ ಪ್ಲಾಸ್ಟಿಕ್) ಡ್ರಮ್ ಸಿಕ್ಕಿತು. ರಾಸಾಯನಿಕ ತುಂಬಿದ್ದನ್ನು ಬಿಟ್ಟು ಮೀನು ತುಂಬಿದ್ದನ್ನೇ ಆರಿಸಿದೆ. ವಾಸನೆ ಹೋಗಲು ವಾರದ ಬಿಸಿಲು ಬೇಕಾಯಿತು. ಅದರ ಗೋಡೆ ಸುಮಾರು 3 ಮಿ.ಮೀ. ದಪ್ಪವಿತ್ತು, ದಪ್ಪ ಹಾಳೆಯದೂ ಹೆಚ್ಚು ಕಡಿಮೆ ಅಷ್ಟೇ. ತಟ್ಟೆ ಘಟಕದ ಯಜಮಾನರು ಮಾತ್ರ ಒಪ್ಪುತ್ತಿರಲಿಲ್ಲ. "ಪ್ಲಾಸ್ಟಿಕ್ ಕರಗಿ ಡೈಗೆ ಹಿಡಿದರೆ ನನ್ನ ಕಸುಬು ಹಾಳು ಮಾರಾಯ್ರೆ" ಎಂದರು. ದಿನಕ್ಕೆ 500 ರೂಪಾಯಿ ಬಾಡಿಗೆ ಮತ್ತು ಅಚ್ಚು ಕೆಟ್ಟರೆ ಹೊಸದು ಮಾಡಿಸಿಕೊಡುವ ಮಾತು ಕೊಟ್ಟ ಮೇಲೆ ಬಿಟ್ಟುಕೊಟ್ಟರು. ಅವರ ಹೆದರಿಕೆಯಲ್ಲಿ ಹುರುಳಿತ್ತು. ಎಚ್‌ಡಿಪಿಇ 130 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಮೊದಲ ತುಂಡಿಗೆ 140ರಷ್ಟು ಬಿಸಿ ಕೊಟ್ಟದ್ದರಿಂದ ಅದು ಅಂಚಿನಲ್ಲಿ ಹರಿದು, ಡೈ ಕೆರೆಯುವುದಕ್ಕೇ ಅರ್ಧ ದಿನ ಹಿಡಿಯಿತು. 120ರ ಹತ್ತಿರ ಇಟ್ಟಾಗ ಮಾತು ಕೇಳಿತು. ಎರಡನೆಯ ತಪ್ಪು ಅವಸರದ್ದು. ಹಾಳೆಯನ್ನು ತೆಗೆಯುವಂತೆ ಪ್ಲಾಸ್ಟಿಕ್ಕನ್ನೂ ಬಿಸಿಯಿರುವಾಗಲೇ ತೆಗೆದರೆ ಅದು ಡ್ರಮ್ಮಿನ ಬಾಗನ್ನು ನೆನಪಿಟ್ಟುಕೊಂಡು ಮತ್ತೆ ಸುರುಳಿಯಾಗುತ್ತದೆ. ಒತ್ತಡದಲ್ಲಿಯೇ ತಣಿಸಬೇಕು, ಒಂದೊಂದಕ್ಕೆ ಮುಕ್ಕಾಲು ಗಂಟೆ. ತಣಿದ ಮೇಲೆ ಐದಾರು ಮಿಲಿಮೀಟರ್ ಕುಗ್ಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡೈಗೂ ಪ್ಲಾಸ್ಟಿಕ್ಕಿಗೂ ನಡುವೆ ನಾನು ಏನು ಹಾಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ತಟ್ಟೆಯ ಅಂಚು ಹೊರಕ್ಕೆ ಚಾಚಿರುತ್ತದೆ, ನಮಗೆ ಬೇಕಾದದ್ದು ಒಳಕ್ಕೆ ಕಚ್ಚುವ ಅಂಚು. ಸತ್ತ ಕಾಯಿಲನ್ನೇ ಒಳಗಿಟ್ಟು ಹಾಟ್ ಏರ್ ಗನ್ನಿನಿಂದ ಸುತ್ತಲೂ ಮಡಚಿ, ಮರಳು ಮತ್ತು ನೀರು ಹೊರಹೋಗಲು ನಾಲ್ಕು ಕಡೆ ಸೀಳು ಬಿಟ್ಟೆ. ಅಂಟು ಹಾಕಲಿಲ್ಲ. ಈ ಪ್ಲಾಸ್ಟಿಕ್ಕಿಗೆ ಮಾಮೂಲಿ ಅಂಟು ಯಾವುದೂ ಹಿಡಿಯುವುದಿಲ್ಲ, ಹಿಡಿಯುವುದೂ ಬೇಡ. ಕವಚವನ್ನು ಪ್ರತಿ ಸಲ ಕಳಚಿ ಸಿಹಿನೀರಿನಲ್ಲಿ ತೊಳೆಯಲೇಬೇಕು. ಅಲೆ ತಂದು ಹಾಕುವ, ಕಬ್ಬಿಣದ ಅಂಶವಿರುವ ಕರಿಮರಳು ಒಳಗೆ ಉಳಿದರೆ ಎಷ್ಟು ಒಳ್ಳೆಯ ಯಂತ್ರವಾದರೂ ಸುಳ್ಳು ಹೇಳುತ್ತದೆ.

ಗೇಣುದ್ದ ಆಳದಲ್ಲಿ ಹೂತ ಎರಡು ರೂಪಾಯಿ ನಾಣ್ಯವನ್ನು ಕವಚ ಹಾಕಿಯೂ ತೆಗೆದೂ ಹುಡುಕಿದೆ, ಸದ್ದಿನಲ್ಲಿ ನನ್ನ ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ. ಬಾಡಿಗೆ, ಗ್ಯಾಸು, ಹಾಳಾದ ತುಂಡುಗಳನ್ನೆಲ್ಲ ಸೇರಿಸಿದರೂ ಒಂದಕ್ಕೆ 300 ರೂಪಾಯಿ ದಾಟಿಲ್ಲ; ಡ್ರಮ್ಮಿನ ಏಣುಗಳನ್ನು ಬಿಟ್ಟು ಆರು ಕವಚ ಬಂದವು. ಆಗುವುದಿಲ್ಲ ಎಂದ ಜೊತೆಗಾರರಲ್ಲಿ ಮೂವರು ಈಗ ಅವನ್ನೇ ಹಾಕಿಕೊಂಡು ಹುಡುಕುತ್ತಾರೆ. ನನ್ನದನ್ನು ಈ ಮೇ ತಿಂಗಳಲ್ಲಿ ವರ್ನಿಯರ್ ಅಳತೆಗೋಲಿನಿಂದ ಅಳೆದಾಗ ಮುಂದಿನ ಅಂಚು 3 ಮಿ.ಮೀ.ನಿಂದ 2ಕ್ಕೆ ಇಳಿದಿತ್ತು, ನಡುಭಾಗ ಹೆಚ್ಚು ಕಡಿಮೆ ಹಾಗೆಯೇ ಇತ್ತು. ಡ್ರಮ್ಮಿನ ತಳದ ದಪ್ಪ ಭಾಗ ಇನ್ನೂ ಉಳಿದಿದೆ. ಮಳೆಗಾಲದಲ್ಲಿ ತಟ್ಟೆಯ ಕೆಲಸ ಕಡಿಮೆಯಿರುವಾಗ ಅದನ್ನು ಅಚ್ಚಿಗೆ ಕೊಡಲು ಯಜಮಾನರು ಈ ಸಲ ತಾವಾಗಿಯೇ ಕರೆದಿದ್ದಾರೆ.