ನೀವು ಕೊಳ್ಳದ ವಾಹನ ನಿಮ್ಮ ಹೆಸರಿನಲ್ಲಿದ್ದರೆ ಮಾಡಬೇಕಾದ ಕೆಲಸ

ತಾವು ಎಂದೂ ಕೊಳ್ಳದ ಕಾರೊಂದು ತಮ್ಮ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬ ಸಂಗತಿ ಸಾಮಾನ್ಯವಾಗಿ ಬಳಸುದಾರಿಯಲ್ಲೇ ತಿಳಿಯುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಕ್ಕೆ ಸಿಕ್ಕ ವಾಹನದ ದಂಡದ ನೋಟಿಸ್ ಬರಬಹುದು, ಹೆಸರೇ ಕೇಳದ ಫೈನಾನ್ಸ್ ಕಂಪನಿಯಿಂದ ಕಂತು ಬಾಕಿಯಿದೆ ಎಂಬ ಕರೆ ಬರಬಹುದು, ಇಲ್ಲವೇ ಸ್ವಂತ ಬಳಕೆಯ ಕಾರಿದೆ ಎಂಬ ಕಾರಣಕ್ಕೆ ಬಿಪಿಎಲ್ ಪಡಿತರ ಚೀಟಿಯೇ ರದ್ದಾಗಬಹುದು. ಆಧಾರ್ ಮತ್ತು ಪ್ಯಾನ್ ಪ್ರತಿಗಳನ್ನು ಬಳಸಿ ಬೇರೆ ಯಾರೋ ನಿಮ್ಮ ಹೆಸರಿನಲ್ಲಿ ಸಾಲ ಎತ್ತಿ ವಾಹನ ಕೊಂಡಿರುವ ಸಾಧ್ಯತೆಯನ್ನು ಆಗ ತಕ್ಷಣ ಪರಿಶೀಲಿಸಬೇಕು.

ವಾಹನದ ಸಂಖ್ಯೆಯನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ನೋಂದಣಿಯ ದಿನಾಂಕ, ಆರ್‌ಟಿಒ ಕಚೇರಿ ಮತ್ತು ಸಾಲ ಕೊಟ್ಟ ಸಂಸ್ಥೆಯ ವಿವರ ಸಿಗುತ್ತದೆ. ಸಂಖ್ಯೆಯ ಮೊದಲ ಭಾಗದಿಂದಲೂ ಕಚೇರಿ ತಿಳಿಯುತ್ತದೆ: ಕೆಎ-09 ಮೈಸೂರು ಪಶ್ಚಿಮ, ಕೆಎ-55 ಮೈಸೂರು ಪೂರ್ವ, ಕೆಎ-11 ಮಂಡ್ಯ. ಜೊತೆಗೆ ಸಿಬಿಲ್ ಮೊದಲಾದ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ಸಾಲದ ವರದಿಯನ್ನು ತೆಗೆಸಿಕೊಳ್ಳಿ.

ತನಿಖೆ ಗಟ್ಟಿಯಾಗಿ ನಿಲ್ಲುವುದು ಕಾಗದಪತ್ರಗಳ ಮೇಲೆ. ನೋಂದಣಿಗೆ ಸಲ್ಲಿಸಿದ ಫಾರಂ 20, ಮಾರಾಟ ಪ್ರಮಾಣಪತ್ರವಾದ ಫಾರಂ 21 ಮತ್ತು ಗುರುತಿನ ದಾಖಲೆಗಳ ಪ್ರತಿ ಬೇಕೆಂದು ಆರ್‌ಟಿಒಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ. ಆದರೆ ಅದಕ್ಕಾಗಿ ಕಾಯುತ್ತ ಪೊಲೀಸ್ ದೂರನ್ನು ತಡಮಾಡಬಾರದು. ವಾಹನ ವಿತರಿಸುವಾಗ ಷೋರೂಮಿನವರು ಕೀಲಿ ಕೊಡುತ್ತ ತೆಗೆದ ಫೋಟೊ, ಅಲ್ಲಿನ ಸಿಸಿಟಿವಿ ದೃಶ್ಯ, ವಿಮಾ ಪಾಲಿಸಿಯಲ್ಲಿ ಬರೆಸಿದ ನಾಮಿನಿಯ ಹೆಸರು, ಫಾಸ್ಟ್ಯಾಗ್‌ಗೆ ಕೊಟ್ಟ ಮೊಬೈಲ್ ಸಂಖ್ಯೆ, ಇವೆಲ್ಲವನ್ನೂ ವಶಪಡಿಸಿಕೊಳ್ಳುವಂತೆ ದೂರಿನಲ್ಲಿಯೇ ಕೋರಿ. ಸುಳ್ಳು ಹೆಸರಿನಲ್ಲಿ ಕಾರು ಕೊಂಡವನು ನಾಮಿನಿಯ ಜಾಗದಲ್ಲಿ ತನ್ನವರ ಹೆಸರನ್ನೇ ಬರೆಸಿರಬಹುದು. ಸಿಸಿಟಿವಿ ದೃಶ್ಯ ಬೇಗ ಅಳಿಸಿಹೋಗುವುದರಿಂದ ಅದನ್ನು ಮೊದಲು ಕೇಳಬೇಕು.

ದೂರನ್ನು ಹತ್ತಿರದ ಠಾಣೆಯಲ್ಲಿ ಅಥವಾ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಯಲ್ಲಿ ಕೊಡಬಹುದು. ಭಾರತೀಯ ನ್ಯಾಯ ಸಂಹಿತೆಯ 318 ಮತ್ತು 319ನೇ ಕಲಮುಗಳು ವಂಚನೆ ಹಾಗೂ ಬೇರೊಬ್ಬರಂತೆ ನಟಿಸಿ ಮಾಡುವ ವಂಚನೆಗೆ, 336 ಮತ್ತು 340ನೇ ಕಲಮುಗಳು ನಕಲಿ ದಾಖಲೆಗೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಗುರುತಿನ ಕಳವಿಗೆ ಸಂಬಂಧಿಸಿವೆ. ಘಟನೆ ತಮ್ಮ ವ್ಯಾಪ್ತಿಯದಲ್ಲ ಎಂಬ ಕಾರಣಕ್ಕೆ ಠಾಣೆಯವರು ದೂರನ್ನು ನಿರಾಕರಿಸುವಂತಿಲ್ಲ. ಎಫ್‌ಐಆರ್ ದಾಖಲಿಸದಿದ್ದರೆ ಮೈಸೂರು ನಗರದಲ್ಲಿ ಪೊಲೀಸ್ ಆಯುಕ್ತರಿಗೆ, ಮಂಡ್ಯದಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ದೂರು ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು.

ಎಫ್‌ಐಆರ್ ಆದೊಡನೆ ಕೆಲಸ ಮುಗಿಯಿತೆಂದು ಬಹಳ ಜನ ತಿಳಿಯುತ್ತಾರೆ. ಇದು ಅಪಾಯದ ತಿಳಿವಳಿಕೆ. ಎಫ್‌ಐಆರ್‌ನಿಂದ ನೋಂದಣಿಯಲ್ಲಿರುವ ಹೆಸರು ಅಳಿಯುವುದಿಲ್ಲ, ಮತ್ತು ಅಪಘಾತ ಪರಿಹಾರದ ಪ್ರಕರಣಗಳಲ್ಲಿ ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ಎಫ್‌ಐಆರ್ ಪ್ರತಿಯನ್ನು ಲಗತ್ತಿಸಿ, ಸುಳ್ಳು ದಾಖಲೆಯಿಂದ ಪಡೆದ ನೋಂದಣಿಯನ್ನು ಮೋಟಾರು ವಾಹನ ಕಾಯ್ದೆಯ 55(5)ನೇ ಕಲಮಿನಡಿ ರದ್ದುಪಡಿಸಬೇಕೆಂದು ಆರ್‌ಟಿಒಗೆ ಪ್ರತ್ಯೇಕ ಅರ್ಜಿ ಕೊಡಲೇಬೇಕು. ಈ ನಡುವೆ ಮಧ್ಯವರ್ತಿಗಳು ಬಂದು, ಫಾರಂ 29 ಮತ್ತು 30ಕ್ಕೆ ಸಹಿ ಹಾಕಿದರೆ ವಾಹನವನ್ನು ಬೇರೆಯವರ ಹೆಸರಿಗೆ ವರ್ಗಾಯಿಸುತ್ತೇವೆ, ಅಥವಾ ಸ್ವಲ್ಪ ಹಣ ಕಟ್ಟಿ ಸಾಲ ಚುಕ್ತಾ ಮಾಡಿಬಿಡಿ ಎಂದು ಹೇಳಿದರೆ ದಯವಿಟ್ಟು ಒಪ್ಪಬೇಡಿ. ಆ ಸಹಿ ನೀವೇ ಮಾಲೀಕರೆಂದು ಒಪ್ಪಿಕೊಂಡಂತೆ, ಆ ಹಣ ನೀವೇ ಸಾಲಗಾರರೆಂದು ಒಪ್ಪಿಕೊಂಡಂತೆ ಆಗುತ್ತದೆ.

ಸಾಲ ಕೊಟ್ಟ ಸಂಸ್ಥೆಗೂ ಸಾಲದ ವರದಿ ಕೊಡುವ ಸಂಸ್ಥೆಗೂ ಅದೇ ಎಫ್‌ಐಆರ್ ಪ್ರತಿಯೊಡನೆ ತಕರಾರು ಸಲ್ಲಿಸಿ. 30 ದಿನಗಳಲ್ಲಿ ಸರಿಪಡಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಇತ್ಯರ್ಥಪಡಿಸುವ ಅಧಿಕಾರಿಗೆ) ದೂರು ನೀಡಬಹುದು. ಅದರ ಸಹಾಯವಾಣಿ 14448. ಆಧಾರ್‌ನ ಬಯೋಮೆಟ್ರಿಕ್ ಅನ್ನು ಲಾಕ್ ಮಾಡಿ, ಅದರ ದೃಢೀಕರಣ ಇತಿಹಾಸವನ್ನು, ಅಂದರೆ ಆಧಾರ್ ಯಾವಾಗ ಬಳಕೆಯಾಯಿತು ಎಂಬ ದಾಖಲೆಯನ್ನು, ಮುದ್ರಿಸಿ ತನಿಖಾಧಿಕಾರಿಗೆ ಒಪ್ಪಿಸಿ.